‘ಇಷ್ಟೆಯಾ?’ ಎಂದವರ ಪರವಾಗಿ

ಇರ್ದೆಯ ಬೆಂದ್ರ್ ತೀರ್ಥವನ್ನು ಮೊದಲ ಸಲ ನೋಡಿದವರಲ್ಲಿ ಹೆಚ್ಚಿನವರ ಬಾಯಿಂದ ಬರುವ ಮಾತು ‘ಇಷ್ಟೆಯಾ?’ ಎಂದು. ಘಟ್ಟದ ಮೇಲಿನವರಾದರೆ ‘ಇಷ್ಟೇನಾ?’ ಎನ್ನುತ್ತಾರೆ; ಮುಖದ ಭಾವ ಎರಡೂ ಕಡೆಯವರದು ಒಂದೇ. ಪುತ್ತೂರಿನಿಂದ ಬೆಟ್ಟಂಪಾಡಿ ಕಡೆಗೆ 15 ಕಿಲೋಮೀಟರಿನಷ್ಟು ಬಂದು ಅಡಿಕೆ ತೋಟಗಳ ನಡುವೆ ಇಳಿದರೆ ಸೀರೆ ಹೊಳೆಯ ಬದಿಯಲ್ಲಿ ಕಲ್ಲು ಕಟ್ಟಿದ ಒಂದು ಕೆರೆ. ದೊಡ್ಡದೇನಲ್ಲ. ಹಬೆ ಏಳುವುದಿಲ್ಲ, ನೀರು ಚಿಮ್ಮುವುದಿಲ್ಲ, ಕುದಿಯುವುದಂತೂ ಇಲ್ಲವೇ ಇಲ್ಲ. ಆದರೆ ನೋಡತಕ್ಕ ಸ್ಥಳಗಳ ಪಟ್ಟಿಗಳಲ್ಲಿ, ಪತ್ರಿಕೆಗಳ ಪುರವಣಿಗಳಲ್ಲಿ, ಊರವರ ಮಾತಿನಲ್ಲಿ ಇದಕ್ಕೆ ‘ದಕ್ಷಿಣ ಭಾರತದ ಏಕೈಕ ಬಿಸಿನೀರಿನ ಬುಗ್ಗೆ’ ಎಂಬ ಬಿರುದು ಅಂಟಿಕೊಂಡಿದೆ. ಆ ಬಿರುದನ್ನು ಓದಿಕೊಂಡು ಬಂದವನು ಕೆರೆಯನ್ನು ನೋಡುತ್ತಾನೆ, ಸುತ್ತ ನೋಡುತ್ತಾನೆ, ಆಮೇಲೆ ಫೋನಿನಲ್ಲಿ ಮ್ಯಾಪ್ ತೆಗೆದು ಜಾಗ ಇದೇ ಹೌದೋ ಎಂದು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳುತ್ತಾನೆ.

ಈ ನಿರಾಸೆಯ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ಚಾಲ್ತಿಯಲ್ಲಿದೆ. ಪೇಟೆಯವರಿಗೆ ನೋಡುವ ಕಣ್ಣಿಲ್ಲ ಎಂಬುದು ಒಂದು. ಸರಕಾರ ಸರಿಯಾಗಿ ದುಡ್ಡು ಹಾಕಿದ್ದರೆ ಹೀಗೆ ಆಗುತ್ತಲೇ ಇರಲಿಲ್ಲ ಎಂಬುದು ಇನ್ನೊಂದು. ಮೊದಲನೆಯದು ತಪ್ಪನ್ನು ಬಂದವನ ತಲೆಗೆ ಕಟ್ಟುತ್ತದೆ, ಎರಡನೆಯದು ಇಲಾಖೆಯ ತಲೆಗೆ. ನಿರಾಸೆ ಎಂದರೆ ಆಗಬಾರದಿತ್ತು, ಆದದ್ದನ್ನು ಹೇಗಾದರೂ ಹೋಗಲಾಡಿಸಬೇಕು ಎಂಬಲ್ಲಿ ಇಬ್ಬರದೂ ಒಮ್ಮತ. ನನಗೆ ಹಾಗೆ ಕಾಣುವುದಿಲ್ಲ. ಬಂದು ನೋಡಿ ಹೊಗಳಿ ಹೋದವನಿಂದ ಊರಿಗೆ ಸಿಗುವುದು ಒಂದು ಫೋಟೊ. ‘ಇಷ್ಟೆಯಾ?’ ಎಂದವನು ಒಂದು ಪ್ರಶ್ನೆ ಬಿಟ್ಟು ಹೋಗುತ್ತಾನೆ. ಅದನ್ನು ಕೈಗೆತ್ತಿಕೊಂಡರೆ ನೆಲದ ಬಗ್ಗೆ, ನೀರಿನ ಬಗ್ಗೆ, ನಾವು ನಮ್ಮ ಊರನ್ನು ಬಣ್ಣಿಸುವ ರೀತಿಯ ಬಗ್ಗೆ ಬಹಳಷ್ಟು ತಿಳಿಯುತ್ತದೆ. ಅವಮಾನ ಎಂದುಕೊಂಡು ಬಾಗಿಲು ಹಾಕಿಕೊಂಡರೆ ನಷ್ಟ ನಮಗೇ.

ಏಪ್ರಿಲಿನ ಒಂದು ಮಧ್ಯಾಹ್ನ ಅಲ್ಲಿಗೆ ಬಂದ ಹುಡುಗನೊಬ್ಬ ನೆನಪಾಗುತ್ತಾನೆ. ಬೆನ್ನಿಗೆ ದೊಡ್ಡ ಚೀಲ, ಚೀಲದ ಮೇಲೆ ಸುತ್ತಿದ ಚಾಪೆ. ಹಿಂದಿನ ದಿನ ಸುಬ್ರಹ್ಮಣ್ಯ, ಮಾರನೆಯ ದಿನ ಬೇಕಲ ಕೋಟೆ, ನಡುವೆ ಸಿಕ್ಕಿದ ಬಿಡುವಿನಲ್ಲಿ ಇದು. ಶೂ ಬಿಚ್ಚಿ ಮೆಟ್ಟಿಲ ಮೇಲೆ ಕೂತು ಮೊದಲು ಎರಡು ಬೆರಳು ಅದ್ದಿದ. ಆಮೇಲೆ ಮಣಿಗಂಟಿನವರೆಗೆ. ಆಮೇಲೆ, ಪರೀಕ್ಷೆಯಲ್ಲಿ ಉತ್ತರ ಹೊಳೆಯದವನ ಹಾಗೆ ಸುಮ್ಮನೆ ಕೈಯನ್ನು ನೀರಲ್ಲೇ ಬಿಟ್ಟು ಕೂತ. ತೋಟದಲ್ಲಿ ಸ್ಪ್ರಿಂಕ್ಲರ್ ಬದಲಿಸಿ ಬರುತ್ತಿದ್ದ ಹಿರಿಯರೊಬ್ಬರನ್ನು ಕಂಡು ಕೇಳಿದ:

‘ಬಿಸಿ ಇಲ್ವಲ್ಲ ಅಂಕಲ್?’

‘ಉಂಟಲ್ಲ. ಮುಟ್ಟಿ ನೋಡಿ.’

‘ಮುಟ್ಟಿದೆ. ನಮ್ಮನೆ ಮೇಲಿನ ಟ್ಯಾಂಕ್ ನೀರೇ ಇದಕ್ಕಿಂತ ಬಿಸಿ ಇರುತ್ತೆ.’

‘ಈ ಬಿಸಿಲಿಗೆ ಬಂದ್ರೆ ಎಂತ ಗೊತ್ತಾಗ್ತದೆ ಮಾರಾಯ್ರೆ? ಡಿಸೆಂಬರ್‌ನಲ್ಲಿ ಬೆಳಗ್ಗೆ ಬೇಗ ಬರ್ಬೇಕು. ಹೊಳೆಗೆ ಒಂದು ಕಾಲು, ಇದಕ್ಕೆ ಒಂದು ಕಾಲು ಹಾಕಿ ನೋಡ್ಬೇಕು. ಆಗ ಹೇಳಿ ನೀವು.’

‘ಅದನ್ನ ಎಲ್ಲೂ ಬರೆದಿಲ್ವಲ್ಲ!’

ಹಿರಿಯರು ನಕ್ಕರು. ಬರೆದಿಲ್ಲ ಎಂಬುದು ನಿಜವೇ ಆಗಿತ್ತು. ಆ ಬೆಂದ ನೆಲದ ಮೇಲೆ ನಿಂತು ಇಬ್ಬರು ಅಪರಿಚಿತರು ಆಡಿದ ಈ ನಾಲ್ಕು ಮಾತಿನಲ್ಲಿ ಬೆಂದ್ರ್ ತೀರ್ಥದ ವಿಜ್ಞಾನವೂ ಇದೆ, ನಮ್ಮ ಪ್ರವಾಸೋದ್ಯಮದ ಕೊರತೆಯೂ ಇದೆ.

ವಿಜ್ಞಾನವನ್ನು ಮೊದಲು ನೋಡೋಣ. ಬಿಸಿನೀರಿನ ಬುಗ್ಗೆ ಎಂದ ಕೂಡಲೇ ಟಿವಿಯಲ್ಲಿ ಕಂಡ ಅಮೆರಿಕದ ಯೆಲ್ಲೊಸ್ಟೋನ್ ನಮ್ಮ ತಲೆಗೆ ಬರುತ್ತದೆ, ಇಲ್ಲವೇ ಹಿಮಾಚಲದ ಮಣಿಕರಣ್. ಮಣಿಕರಣದಲ್ಲಿ ಅಕ್ಕಿಬೇಳೆಯನ್ನು ಬುಗ್ಗೆಯ ನೀರಿನಲ್ಲೇ ಇಟ್ಟು ಬೇಯಿಸುತ್ತಾರೆ. ಗುರುದ್ವಾರದ ಲಂಗರಿನ ಅಡುಗೆಗೂ ಅದೇ ನೀರು. ಅದು ಹಿಮಾಲಯದ ಕತೆ, ಇನ್ನೂ ಏಳುತ್ತಿರುವ ಪರ್ವತದ ಕತೆ. ನಮ್ಮದು ತಣ್ಣಗಾಗಿ ಕೋಟಿಗಟ್ಟಲೆ ವರ್ಷ ಕಳೆದ ಹಳೆಯ ಬಂಡೆಯ ನೆಲ. ಜ್ವಾಲಾಮುಖಿಯ ಹಂಗು ಇಲ್ಲಿಲ್ಲ. ಮಳೆನೀರು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತಾ ಹೋಗುತ್ತದೆ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಶಾಖ 25ರಿಂದ 30 ಡಿಗ್ರಿಯಷ್ಟು ಏರುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಹಾಗೆ ಆಳಕ್ಕೆ ಹೋಗಿ ಬಿಸಿಯಾದ ನೀರಿಗೆ ನೇರವಾಗಿ ಮೇಲೆ ಬರುವ ಇನ್ನೊಂದು ಬಿರುಕು ಸಿಕ್ಕಿದರೆ, ದಾರಿಯಲ್ಲಿ ಪೂರ್ತಿ ಆರುವ ಮೊದಲೇ ಅದು ಹೊರಗೆ ಬೀಳುತ್ತದೆ.

ಬೆಂದ್ರ್ ತೀರ್ಥದ ನೀರಿನ ಬಿಸಿ ಹೆಚ್ಚುಕಡಿಮೆ ನಮ್ಮ ಮೈಯ ಬಿಸಿಯಷ್ಟು. ಕರಾವಳಿಯ ಬಾವಿಗಳ ನೀರು 27 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ ಎಂದಿಟ್ಟುಕೊಂಡರೆ, ಈ ನೀರು ಸುಮಾರು ಹತ್ತು ಡಿಗ್ರಿ ಹೆಚ್ಚು ಬಿಸಿ. ಮೇಲಿನ ಲೆಕ್ಕ ಹಿಡಿದರೆ ಏನಿಲ್ಲವೆಂದರೂ ಮುನ್ನೂರು ನಾನೂರು ಮೀಟರ್ ಆಳ ಕಂಡು ಬಂದ ನೀರು ಇದು. ಬರುವ ದಾರಿಯಲ್ಲಿ ತಣ್ಣೀರು ಬೆರೆತಿದ್ದರೆ ಇನ್ನೂ ಆಳ. ಕೆಳಗೆ ಬೆಂಕಿಯಿಲ್ಲ, ಒಲೆಯಿಲ್ಲ; ಆದರೂ ಸೀರೆ ಹೊಳೆಯ ಪಕ್ಕದಲ್ಲೇ ಹೊಳೆಗೆ ಸಂಬಂಧವಿಲ್ಲದ ಇನ್ನೊಂದು ನೀರು ಪಾತಾಳದ ದಾರಿ ಹಿಡಿದು ಬಂದು ನಿಂತಿದೆ. ಇದು ಸಣ್ಣ ಸಂಗತಿಯಲ್ಲ. ಆದರೆ ಏಪ್ರಿಲಿನಲ್ಲಿ ಗಾಳಿಯೇ 35 ಡಿಗ್ರಿ ಇರುವಾಗ 37 ಡಿಗ್ರಿಯ ನೀರನ್ನು ಮುಟ್ಟಿದ ಬೆರಳು ಏನನ್ನೂ ಹೇಳುವುದಿಲ್ಲ. ಮಾಗಿಯ ಬೆಳಗಿನಲ್ಲಿ ಹೊಳೆಯ ನೀರು ಕೊರೆಯುತ್ತಿರುವಾಗ ಅದೇ ಬೆರಳು ಬೇರೆಯೇ ಸುದ್ದಿ ಕೊಡುತ್ತದೆ. ಹಿರಿಯರು ಹೇಳಿದ ಎರಡು ಕಾಲಿನ ಉಪಾಯ ಭೌತಶಾಸ್ತ್ರದ ಪ್ರಯೋಗಾಲಯಕ್ಕೂ ಸಲ್ಲುವಂಥದ್ದು: ಬಿಸಿ ಎಂಬುದು ಹೋಲಿಕೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಹಾಗಾದರೆ ಹುಡುಗನಿಗೆ ಆದ ನಿರಾಸೆ ನೀರಿನಿಂದ ಹುಟ್ಟಿದ್ದಲ್ಲ. ಹೇಳಬೇಕಾದ್ದನ್ನು ಹೇಳದೆ, ಹೇಳಬಾರದ್ದನ್ನು ಹೇಳಿದ ಬಿರುದಿನಿಂದ ಹುಟ್ಟಿದ್ದು.

ಆ ಬಿರುದು ನಿಜವೂ ಅಲ್ಲ ಎಂಬುದು ಇನ್ನೊಂದು ತಮಾಷೆ. ತೆಲಂಗಾಣದ ಗೋದಾವರಿ ಕಣಿವೆಯಲ್ಲಿ, ಮಣುಗೂರಿನ ಸುತ್ತ, ಬಿಸಿನೀರಿನ ಸೆಲೆಗಳಿವೆ. ಸಿಂಗರೇಣಿ ಕಲ್ಲಿದ್ದಲು ಕಂಪನಿ ಅಲ್ಲಿನ ಬಿಸಿನೀರಿನಿಂದ ಪ್ರಯೋಗಕ್ಕೆಂದು 20 ಕಿಲೋವ್ಯಾಟಿನ ವಿದ್ಯುತ್ ಘಟಕವನ್ನೇ ಮಾಡಿದೆ. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಬೆಳ್ತಂಗಡಿ ತಾಲ್ಲೂಕಿನ ಬಂದಾರಿನ ಬೆಚ್ಚಗಿನ ಬುಗ್ಗೆಯನ್ನೂ ಇರ್ದೆಯದನ್ನೂ ಜೊತೆಯಾಗಿಟ್ಟು ನೀರಿನ ಅಧ್ಯಯನಗಳು ನಡೆದಿವೆ. ಉತ್ತರಕ್ಕೆ ಹೋದರೆ ರತ್ನಾಗಿರಿ, ರಾಯಗಡ, ಠಾಣೆ ಜಿಲ್ಲೆಗಳಲ್ಲಿ ರಾಜಾಪುರದಿಂದ ವಜ್ರೇಶ್ವರಿಯವರೆಗೆ ಪಶ್ಚಿಮ ಕರಾವಳಿಯುದ್ದಕ್ಕೂ ಬಿಸಿನೀರಿನ ಬುಗ್ಗೆಗಳ ಒಂದು ಸಾಲೇ ಇದೆ. ಕೆಲವೆಡೆ ನೀರು 70 ಡಿಗ್ರಿ ಮುಟ್ಟುತ್ತದೆ, ಕೈ ಇಡುವ ಹಾಗಿಲ್ಲ. ಆ ಸಾಲನ್ನು ನಕ್ಷೆಯಲ್ಲಿ ನೋಡಿ, ಅಲ್ಲಿಂದ ಕೆಳಗೆ ಗೋವೆ, ಕಾರವಾರ, ಉಡುಪಿಗಳನ್ನೆಲ್ಲ ದಾಟಿ ಕಣ್ಣು ಇಳಿಸಿದರೆ, ಕೇರಳದ ಗಡಿ ಇನ್ನೇನು ಬಂತು ಎನ್ನುವಲ್ಲಿ ಇರ್ದೆ ಸಿಗುತ್ತದೆ. ಅದೇ ಕರಾವಳಿ, ಅದೇ ಘಟ್ಟದ ಬುಡ, ಆದರೆ ಇಷ್ಟು ದೂರದಲ್ಲಿ, ಬಂದಾರಿನದೊಂದನ್ನು ಬಿಟ್ಟರೆ ಒಂಟಿಯಾಗಿ. ಯಾಕೆ ಇಲ್ಲಿ? ಬಂಡೆಯ ಯಾವ ಬಿರುಕು ಇದಕ್ಕೆ ದಾರಿ ಕೊಟ್ಟಿತು? ಈ ಪ್ರಶ್ನೆಗಳು ‘ಏಕೈಕ’ ಎಂಬ ಬಿರುದಿಗಿಂತ ಎಷ್ಟೋ ರುಚಿಯಾಗಿವೆ. ಏಕೈಕ ಎಂದ ಮೇಲೆ ಇನ್ನು ಕೇಳಲು ಏನೂ ಉಳಿಯುವುದಿಲ್ಲ.

ಆದರೂ ನಾವು ಅದನ್ನು ಬಿಡುವುದಿಲ್ಲ. ಯಾಕೆಂದರೆ ಬಿರುದು ಬೇಕಾಗಿರುವುದು ಪ್ರವಾಸಿಗೆ ಮಾತ್ರವಲ್ಲ, ಫೈಲಿಗೂ ಬೇಕು. ಒಂದು ಗ್ರಾಮ ತನ್ನ ಕೆರೆಗೆ ಅನುದಾನ ಕೇಳಬೇಕಾದರೆ ಅದು ಏಕೈಕವೋ, ಅತಿ ಪ್ರಾಚೀನವೋ, ಏಷ್ಯಾದಲ್ಲೇ ಎರಡನೆಯದೋ ಆಗಿರಬೇಕು. ‘ನಮ್ಮ ಊರಿನಲ್ಲಿ ಉಗುರು ಬೆಚ್ಚಗಿನ ನೀರಿನ ಒಂದು ಸೆಲೆ ಇದೆ, ಅದನ್ನು ಕಾಪಾಡಬೇಕು’ ಎಂದು ಅರ್ಜಿ ಬರೆದರೆ ಯಾವ ಮೇಜಿನ ಮೇಲೂ ಅದು ನಿಲ್ಲುವುದಿಲ್ಲ. ಹೀಗೆ ಉಬ್ಬಿಸಿ ಬರೆದ ಅರ್ಜಿಗೆ ಬರುವ ಹಣ ಹೋಗುವುದು ಎಲ್ಲಿಗೆ ಎಂದು ರಾಜ್ಯದ ಯಾವ ಸಣ್ಣ ಪ್ರವಾಸಿ ತಾಣಕ್ಕೆ ಹೋದರೂ ಕಾಣಬಹುದು: ಸ್ವಾಗತ ಕಮಾನು, ಇಂಟರ್‌ಲಾಕ್ ಹಾಸು, ಉದ್ಘಾಟನೆಯ ಕಲ್ಲು, ಬೀಗ ಹಾಕಿದ ಶೌಚಾಲಯ. ನೋಡಲು ಬಂದ ವಸ್ತುವಿನ ಮೇಲೆ ಖರ್ಚು ಮಾಡುವ ಕ್ರಮ ನಮ್ಮಲ್ಲಿಲ್ಲ, ಅದರ ಸುತ್ತ ಖರ್ಚು ಮಾಡುತ್ತೇವೆ. ಕಮಾನು ದೊಡ್ಡದಾದಷ್ಟೂ ಒಳಗೆ ಹೋದವನ ‘ಇಷ್ಟೆಯಾ’ ದೊಡ್ಡದಾಗುತ್ತದೆ ಎಂಬುದು ಕಾಂಟ್ರಾಕ್ಟರಿಗೆ ಸಂಬಂಧಿಸಿದ ವಿಷಯವಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬೆಂದ್ರ್ ತೀರ್ಥ ಪ್ರವಾಸಿ ತಾಣವಾಗುವ ಮೊದಲು ತೀರ್ಥ. ಇಲ್ಲಿ ಮಿಂದರೆ ಚರ್ಮದ ಕಾಯಿಲೆ ಹೋಗುತ್ತದೆಂದು ನಂಬಿ ಬರುವವರು ಈಗಲೂ ಇದ್ದಾರೆ. ಅವರಲ್ಲಿ ಯಾರೂ ‘ಇಷ್ಟೆಯಾ’ ಎನ್ನುವುದಿಲ್ಲವಲ್ಲ? ಹೌದು, ಎನ್ನುವುದಿಲ್ಲ. ತೀರ್ಥಕ್ಕೆ ಬರುವವನಿಗೆ ಬರುವ ದಿನ ಗೊತ್ತು, ಹೊತ್ತು ಗೊತ್ತು, ಬಂದು ಮಾಡಬೇಕಾದ ಕೆಲಸವೂ ಗೊತ್ತು. ಅವನು ಬಟ್ಟೆ ಬಿಚ್ಚಿ ನೀರಿಗೆ ಇಳಿಯುತ್ತಾನೆ. ಪ್ರವಾಸಿ ದಡದಲ್ಲಿ ನಿಂತು ಎರಡು ಬೆರಳು ಅದ್ದುತ್ತಾನೆ. ಇಡೀ ಮೈ ಮುಳುಗಿಸಿದವನಿಗೆ ಗೊತ್ತಾಗುವ ಬೆಚ್ಚನೆ ಬೆರಳಿಗೆ ಹೇಗೆ ಗೊತ್ತಾಗಬೇಕು? ಈ ಮಟ್ಟಿಗೆ ನಮ್ಮ ಹಳೆಯ ಕ್ರಮವೇ ಹೆಚ್ಚು ಜಾಣತನದ್ದು ಎಂದು ಒಪ್ಪುತ್ತೇನೆ.

ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ತೀರ್ಥಯಾತ್ರೆಯಲ್ಲಿ ನಿರಾಸೆಗೆ ಜಾಗವೇ ಇಲ್ಲ, ಯಾಕೆಂದರೆ ಅಲ್ಲಿ ಫಲ ಸಿಗುವುದು ಹೋದದ್ದಕ್ಕೆ, ಕಂಡದ್ದಕ್ಕಲ್ಲ. ಕಾಶಿಗೆ ಹೋಗಿ ಬಂದ ಅಜ್ಜ ಗಂಗೆಯ ಪಾವಿತ್ರ್ಯದ ಬಗ್ಗೆ ಹೇಳಿದರೇ ಹೊರತು ಘಾಟಿನ ಕೊಳಕಿನ ಬಗ್ಗೆ ಬಾಯಿ ಬಿಡಲಿಲ್ಲ. ಪುಣ್ಯ ಕಳೆದುಹೋದೀತು ಎಂಬ ಅಂಜಿಕೆ ಒಂದು ಕಡೆ. ಊರಿಡೀ ಸೇರಿ ಕಳಿಸಿಕೊಟ್ಟಿದೆ, ಅವರ ಮುಂದೆ ಸಪ್ಪೆ ಮಾತಾಡುವುದು ಹೇಗೆ ಎಂಬ ದಾಕ್ಷಿಣ್ಯ ಇನ್ನೊಂದು ಕಡೆ. ಈ ದಾಕ್ಷಿಣ್ಯ ನಮ್ಮ ಪ್ರವಾಸ ಕಥನಗಳಿಗೂ ಇಳಿದು ಬಂದಿದೆ. ಕಳೆದ ಶತಮಾನದ ನಡುಭಾಗದವರೆಗೂ ಕಡಲು ದಾಟಿ ಹೋದ ಕನ್ನಡಿಗ ಎಂದರೆ ಸನ್ಮಾನಕ್ಕೆ ಪಾತ್ರನಾದವನು. ಹಾರ ಹಾಕಿ ಕಳಿಸಿದ ಜನಕ್ಕೆ ಅವನು ಅದ್ಭುತವನ್ನೇ ತಂದುಕೊಡಬೇಕಿತ್ತು. ಪುತ್ತೂರಿನಲ್ಲಿದ್ದುಕೊಂಡೇ ಶಿವರಾಮ ಕಾರಂತರು ಯುರೋಪು ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ ಬರೆದರು. ಮುಖ ನೋಡಿ ಮಾತಾಡುವ ಜಾಯಮಾನ ಅವರದಲ್ಲ. ಆದರೆ ಎಲ್ಲರೂ ಕಾರಂತರಲ್ಲ. ನಮ್ಮ ಬಹುಪಾಲು ಪ್ರವಾಸ ಲೇಖನಗಳಲ್ಲಿ ಊಟ ಸೇರದಿರಬಹುದು, ಚಳಿ ಕಾಡಬಹುದು, ಸೂಟ್‌ಕೇಸು ಕಳೆದುಹೋಗಬಹುದು. ನೋಡಲು ಹೋದ ಸ್ಥಳ ಮಾತ್ರ ಯಾವತ್ತೂ ಸಪ್ಪೆಯಾಗುವುದಿಲ್ಲ. ಈಗ ಸಾಲ ಮಾಡಿಯಾದರೂ ವಿಮಾನ ಹತ್ತುವ ಕಾಲ. ಊರವರ ಹಾರದ ಜಾಗಕ್ಕೆ ಇನ್‌ಸ್ಟಾಗ್ರಾಮಿನ ಲೈಕು ಬಂದಿದೆ. ಖರ್ಚು ಮಾಡಿದ ಮೇಲೆ ‘ಅಷ್ಟೇನೂ ಇರಲಿಲ್ಲ’ ಎನ್ನಲು ಇವತ್ತಿನವರಿಗೂ ನಾಲಿಗೆ ಏಳುವುದಿಲ್ಲ.

ಹೊಗಳಿಕೆಯ ಮಾತಿಗೆ ಊರೇ ಜೋತುಬೀಳುವುದು ಯುರೋಪಿನಲ್ಲೂ ಉಂಟು. ಕ್ರೊಯೇಷ್ಯಾದ ಕರಾವಳಿಯಲ್ಲಿ ಝಾದರ್ ಎಂಬ ಪಟ್ಟಣವಿದೆ. 1964ರಲ್ಲಿ ಅಲ್ಲಿಗೆ ಬಂದಿದ್ದ ಸಿನಿಮಾ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಅಲ್ಲಿನ ಸೂರ್ಯಾಸ್ತವನ್ನು ಜಗತ್ತಿನಲ್ಲೇ ಮೇಲಾದದ್ದು ಎಂದು ಹೊಗಳಿದನಂತೆ. ಆ ಒಂದು ಮಾತನ್ನು ಪಟ್ಟಣ ಇವತ್ತಿಗೂ ಹೊತ್ತು ಮೆರೆಸುತ್ತಿದೆ. ಬೆನ್ನಿಗೆ ಚೀಲ ಹಾಕಿಕೊಂಡು ಅಲ್ಲಿ ಇಳಿದವನಿಗೆ ಮೊದಲು ಕಾಣುವುದು ಎರಡನೇ ಮಹಾಯುದ್ಧದ ಬಾಂಬಿಗೆ ನೆಲಸಮವಾಗಿ ಆಮೇಲೆ ಎದ್ದ ಸಾದಾ ಕಟ್ಟಡಗಳು. ಸಂಜೆ ಮೋಡ ಕವಿಯಿತೆಂದರೆ ಸೂರ್ಯಾಸ್ತವೂ ಇಲ್ಲ. ನಮ್ಮ ಆಗುಂಬೆಗೆ ಹೋದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ವರ್ಷದಲ್ಲಿ ಹಲವು ತಿಂಗಳು ಮಳೆ, ಮಂಜು, ಮೋಡಗಳಲ್ಲೇ ಕಳೆಯುವ ಊರು ನಮ್ಮಲ್ಲಿ ಪ್ರಸಿದ್ಧವಾದದ್ದು ಸೂರ್ಯಾಸ್ತಕ್ಕೆ! ಬಸ್ಸಿನಿಂದ ಇಳಿದು ಬಿಳಿ ಗೋಡೆಯಂಥ ಮಂಜನ್ನು ನೋಡಿ ವಾಪಸು ಹತ್ತಿದವರು ಎಷ್ಟೋ ಮಂದಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರನ್ನು ತಡೆದ ಮೇಲೆ ಬೇಸಿಗೆ ರಜೆಯಲ್ಲಿ ಜೋಗಕ್ಕೆ ಹೋಗಿ ಕಪ್ಪು ಬಂಡೆಯನ್ನು ಕಂಡು ಬಂದ ಶಾಲಾ ಮಕ್ಕಳ ತಲೆಮಾರುಗಳೇ ಇವೆ. ಆದರೆ ಝಾದರಿನವರು ಒಂದು ಬುದ್ಧಿವಂತಿಕೆ ಮಾಡಿದರು. 2005ರಲ್ಲಿ ನಿಕೊಲಾ ಬಾಶಿಚ್ ಎಂಬ ವಾಸ್ತುಶಿಲ್ಪಿ ಕಡಲ ದಡದ ಮೆಟ್ಟಿಲುಗಳ ಅಡಿಯಲ್ಲಿ ಕೊಳವೆಗಳನ್ನು ಕೂರಿಸಿ, ಅಲೆ ಬಂದು ಗಾಳಿಯನ್ನು ತಳ್ಳಿದಾಗೆಲ್ಲ ಸ್ವರ ಹೊರಡುವಂತೆ ಮಾಡಿದ. ಮೋಡವಿದ್ದರೂ ಅಲೆ ಇರುತ್ತದೆ. ತನ್ನ ಕಡಲು ದಿನಾ ಮಾಡುವ ಕೆಲಸವನ್ನೇ ಹಿಡಿದುಕೊಂಡದ್ದರಿಂದ ಆ ಪಟ್ಟಣ, ಅಪರೂಪಕ್ಕೆ ಸಿಗುವ ಒಂದು ಸಂಜೆಯನ್ನು ನಂಬಿ ಕೂರಬೇಕಾಗಿಲ್ಲ.

ಬಿರುದು ಸುಳ್ಳಾದಾಗ ನಿರಾಸೆ. ಅದು ಫಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಅದೇ ದೇಶದಲ್ಲಿ ಉತ್ತರವಿದೆ. ದುಬ್ರೊವ್ನಿಕ್ ಕೋಟೆಯ ಒಳಗಿನ ಹಳೆಯ ಪೇಟೆ 1979ರಲ್ಲೇ ಯುನೆಸ್ಕೊ ಪಟ್ಟಿ ಸೇರಿತು. ಆಮೇಲೆ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿ ಅಲ್ಲಿ ಚಿತ್ರೀಕರಣವಾಯಿತು. ಹಡಗುಗಳಿಂದ ಸಾವಿರಗಟ್ಟಲೆ ಜನ ಒಟ್ಟಿಗೆ ಇಳಿಯತೊಡಗಿ, ಕೊನೆಗೆ ಒಂದು ಹೊತ್ತಿಗೆ ಎರಡೇ ಹಡಗು ಎಂದು ನಗರಾಡಳಿತ ಮಿತಿ ಹಾಕಬೇಕಾಯಿತು. ಕೋಟೆಯೊಳಗೆ ಮನೆ ಮಾಡಿಕೊಂಡಿದ್ದವರು ಒಬ್ಬೊಬ್ಬರಾಗಿ ಬಾಡಿಗೆಗೆ ಕೊಟ್ಟು ಹೊರಗೆ ಹೋದರು. ಅಷ್ಟು ದೂರದ ಉದಾಹರಣೆಯೂ ಬೇಡ. ಪುತ್ತೂರು, ಸುಳ್ಯ, ಕಡಬದ ಜನ ದಿನಾ ಕಾಣುವ ಘಟ್ಟಸಾಲಿನಲ್ಲೇ ಕುಮಾರಪರ್ವತವಿದೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಆ 1,712 ಮೀಟರ್ ಎತ್ತರದ ಬೆಟ್ಟದ ದಾರಿಯಲ್ಲಿ ಜನ ಜಾತ್ರೆಯ ಸಾಲಿನಂತೆ ನಿಂತ ವಿಡಿಯೊ ರಾಜ್ಯವಿಡೀ ಹರಿದಾಡಿತು. ಅರಣ್ಯ ಇಲಾಖೆ ಚಾರಣವನ್ನೇ ಸ್ವಲ್ಪ ಕಾಲ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕ್ಕಿಂಗ್ ತಂದಿತು. ಅಲ್ಲಿ ಒಬ್ಬನಾದರೂ ಮೊದಲೇ ‘ಇಷ್ಟೆಯಾ? ಬರೀ ಬೆವರು, ನೂಕುನುಗ್ಗಲು’ ಎಂದು ಜೋರಾಗಿ ಬರೆದಿದ್ದರೆ ಬೆಟ್ಟಕ್ಕೆ ಉಪಕಾರವಾಗುತ್ತಿತ್ತು. ಎಲ್ಲರೂ ಹಾಕಿದ್ದು ತುದಿಯಲ್ಲಿ ಕೈ ಎತ್ತಿದ ಫೋಟೊ.

ಇದನ್ನೆಲ್ಲ ಬೆಟ್ಟಂಪಾಡಿಯ ಯಾವುದಾದರೂ ಹೋಟೆಲಿನಲ್ಲಿ ಕೂತು ಹೇಳಿದರೆ ಬರುವ ಉತ್ತರ ನನಗೆ ಗೊತ್ತಿದೆ. ‘ನಿಮಗೆ ಹೇಳ್ಲಿಕ್ಕೆ ಸುಲಭ. ನಾಲ್ಕು ಜನ ಬಂದ್ರೆ ನಮಗೆ ನಾಲ್ಕು ಚಾ ಖರ್ಚಾಗ್ತದೆ.’ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಅಡಿಕೆಗೆ ಕೊಳೆರೋಗ, ಹಳದಿ ರೋಗ, ಎಲೆಚುಕ್ಕಿ ಎಂದು ಒಂದರ ಹಿಂದೆ ಒಂದು ಬರುತ್ತಿರುವಾಗ, ಒಂದೇ ಬೆಳೆಯನ್ನು ನೆಚ್ಚಿದ ಊರು ಬೇರೆ ದಾರಿ ಹುಡುಕುವುದು ನ್ಯಾಯವೇ. ಕೇರಳದ ಗಡಿ ಪಕ್ಕದಲ್ಲಿದೆ, ಕಾಸರಗೋಡಿನಿಂದ ಬರುವವರೂ ಇದ್ದಾರೆ. ಆದರೆ ವ್ಯಾಪಾರದ ದೃಷ್ಟಿಯಿಂದಲೇ ನೋಡಿದರೂ, ಒಮ್ಮೆ ಬಂದು ಮೋಸ ಹೋದೆ ಎಂದುಕೊಂಡವನು ಎರಡನೇ ಚಾ ಕುಡಿಯಲು ಬರುವುದಿಲ್ಲ. ಡಿಸೆಂಬರಿನಲ್ಲಿ ಬೆಳಗ್ಗೆ ಆರಕ್ಕೆ ಬನ್ನಿ ಎಂದು ಸರಿಯಾಗಿ ಹೇಳಿದರೆ ಅವನು ಹಿಂದಿನ ರಾತ್ರಿಯೇ ಬಂದು ಉಳಿಯಬೇಕಾಗುತ್ತದೆ. ಯಾವುದು ಲಾಭ?

ಇನ್ನು ಹೇಳಲು ಹೊರಟ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊದಲು ಬೆಂದ್ರ್ ತೀರ್ಥದ ನೀರು ಇನ್ನೂ ಬಿಸಿ ಇತ್ತು ಎಂದು ಊರಿನ ಹಿರಿಯರು ಹೇಳುತ್ತಾರೆ. ನೆನಪು ಥರ್ಮಾಮೀಟರ್ ಅಲ್ಲ; ಬಾಲ್ಯದ ನೀರು ಎಲ್ಲರಿಗೂ ಹೆಚ್ಚು ಬಿಸಿ, ಬಾಲ್ಯದ ಮಾವು ಹೆಚ್ಚು ಸಿಹಿ. ಆದರೂ ಆ ಮಾತಿಗೆ ಭೌತಿಕವಾದ ಒಂದು ಕಾರಣ ಇರಲು ಸಾಧ್ಯ. ಆಳದಿಂದ ಬರುವ ಬಿಸಿನೀರಿಗೆ ದಾರಿಯಲ್ಲಿ ಮೇಲ್ಪದರದ ತಣ್ಣೀರು ಬೆರೆತರೆ ಬಿಸಿ ಇಳಿಯುತ್ತದೆ. ಪಕ್ಕದಲ್ಲಿ ಬೋರ್‌ವೆಲ್ ಕೊರೆದು ಪಂಪು ಹಾಕಿದರೆ ಬಿರುಕುಗಳಲ್ಲಿ ನೀರಿನ ಒತ್ತಡ ಬದಲಾಗುತ್ತದೆ, ಬುಗ್ಗೆಗೆ ಬರಬೇಕಾದ ನೀರು ಬೇರೆ ಕಡೆ ತಿರುಗಬಹುದು. ಈ ಸೀಮೆ ಒಂದು ಕಾಲದಲ್ಲಿ ನೀರಿಗೆ ಸುರಂಗವನ್ನು ನಂಬಿದ್ದ ಸೀಮೆ. ಗುಡ್ಡದ ಬದಿಗೆ ಅಡ್ಡಲಾಗಿ ಕೊರೆದು ಒರತೆ ಹಿಡಿದು ತೋಟ ಮಾಡಿದವರು ಇಲ್ಲಿನವರು. ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ತೋಡಿ ಬೋಳು ಗುಡ್ಡದಲ್ಲಿ ಅಡಿಕೆ ಬೆಳೆಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ಯವರೂ ವಾಣೀನಗರದ ಶ್ರೀ ಪಡ್ರೆಯವರೂ ದಶಕಗಳಿಂದ ಬೋರ್‌ವೆಲ್ಲಿನ ಹುಚ್ಚಿನ ವಿರುದ್ಧ, ಮಳೆನೀರಿಂಗಿಸುವ ಪರವಾಗಿ ಬರೆಯುತ್ತಲೇ ಬಂದಿದ್ದಾರೆ. ಬೋರ್‌ವೆಲ್ಲುಗಳು ಮಾತ್ರ ಹೆಚ್ಚುತ್ತಲೇ ಇವೆ.

ಕಾನೂನು ಇಲ್ಲವೆಂದಲ್ಲ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಬಾವಿ ಕೊರೆಯಲು ಅನುಮತಿ ಬೇಕೆಂದು ರಾಜ್ಯದ 1999ರ ಕಾಯ್ದೆ ಹೇಳುತ್ತದೆ. ಬಿಸಿನೀರಿನ ಬುಗ್ಗೆ ಯಾರಿಗೂ ಕುಡಿಯುವ ನೀರಿನ ಮೂಲವಲ್ಲ, ಹಾಗಾಗಿ ಅದು ಈ ರಕ್ಷಣೆಯ ಹೊರಗೆ ಉಳಿಯುತ್ತದೆ. ಬುಗ್ಗೆಯನ್ನು ಬುಗ್ಗೆಯೆಂದು ಕಾಪಾಡಲು ಅಲ್ಲಿ ಏನು ನಡೆಯುತ್ತಿದೆ ಎಂಬ ಲೆಕ್ಕ ಬೇಕು. ಆಗೊಮ್ಮೆ ಈಗೊಮ್ಮೆ ಸಂಶೋಧಕರು ಬಂದು ಶೀಶೆಯಲ್ಲಿ ನೀರು ತುಂಬಿಕೊಂಡು ಹೋದರೆ ಸಾಲದು. ವರ್ಷದ ಎಲ್ಲ ತಿಂಗಳಿನದೂ, ಹತ್ತಾರು ವರ್ಷದ್ದೂ ಬೇಕು. ಅದನ್ನು ಬರೆದಿಡಬೇಕೆಂದು ಊರಿಗೆ ಯಾಕೆ ಅನ್ನಿಸಲಿಲ್ಲ? ‘ಬಿಸಿನೀರಿನ ಬುಗ್ಗೆ’ ಎಂದು ಒಮ್ಮೆ ಹೆಸರಿಟ್ಟ ಮೇಲೆ ಅದರ ಬಿಸಿಯನ್ನು ಅಳೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಆ ಬಿಸಿಯನ್ನು ತಪ್ಪದೆ ಪರೀಕ್ಷಿಸುತ್ತಾ ಬಂದವನು ಎರಡು ಬೆರಳು ಅದ್ದಿ ಮುಖ ಸಪ್ಪಗೆ ಮಾಡುವ ಪ್ರವಾಸಿ ಒಬ್ಬನೇ. ಅವನನ್ನು ನಾವು ಕಣ್ಣಿಲ್ಲದವನು ಎಂದು ಕಳಿಸಿಬಿಟ್ಟೆವು.

ಮಾಡಬಹುದಾದ ಕೆಲಸ ದೊಡ್ಡದಲ್ಲ. ಕಮಾನಿನ ಬದಲು ಒಂದು ಥರ್ಮಾಮೀಟರ್, ಒಂದು ಕರಿಹಲಗೆ. ಬೆಟ್ಟಂಪಾಡಿಯಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜಿದೆ. ಅಲ್ಲಿನ ಮಕ್ಕಳು ವಾರಕ್ಕೊಮ್ಮೆ ಬೆಳಗ್ಗೆ ಬಂದು ಬುಗ್ಗೆಯ ಬಿಸಿ, ಹೊಳೆಯ ಬಿಸಿ, ಗಾಳಿಯ ಬಿಸಿ ಮೂರನ್ನೂ ಅಳೆದು ಹಲಗೆಯ ಮೇಲೆ ಬರೆಯಬಹುದು. ಸುತ್ತಲಿನ ಬೋರ್‌ವೆಲ್ಲುಗಳಲ್ಲಿ ನೀರು ಎಷ್ಟು ಅಡಿಗೆ ಇಳಿದಿದೆ ಎಂಬುದನ್ನೂ ತೋಟದವರನ್ನು ಕೇಳಿ ಅದರ ಕೆಳಗೆ ಹಾಕಬಹುದು. ‘ಏಕೈಕ’ವನ್ನು ಅಳಿಸಿ ಆ ಜಾಗದಲ್ಲಿ ಯಾವ ತಿಂಗಳು, ಯಾವ ಹೊತ್ತಿಗೆ ಬಂದರೆ ಬಿಸಿ ಗೊತ್ತಾಗುತ್ತದೆ ಎಂದು ಬರೆದರೆ ಸಾಕು; ಏಪ್ರಿಲಿನ ಮಧ್ಯಾಹ್ನ ಬರುವವನಿಗೆ ‘ಈಗ ನಿಮಗೆ ಏನೂ ಅನಿಸಲಿಕ್ಕಿಲ್ಲ’ ಎಂದು ಮೊದಲೇ ಹೇಳುವ ಧೈರ್ಯವೂ ಬೇಕು. ಕೆಲವು ವರ್ಷ ಹೀಗೆ ಬರೆದ ಮೇಲೆ ಬುಗ್ಗೆಯ ಅಂಕಿ ಹೊಳೆಯ ಅಂಕಿಯ ಹತ್ತಿರ ಇಳಿಯುತ್ತಾ ಬಂತೆಂದು ಕಂಡರೆ, ಅದನ್ನೂ ಹಲಗೆಯ ಮೇಲೆಯೇ ಹಾಕಬೇಕು. ಪಂಚಾಯತಿನ ಸಭೆಯಲ್ಲಿ ಬೋರ್‌ವೆಲ್ಲಿನ ಮಾತು ಎತ್ತುವವರಿಗೆ ಕೈಯಲ್ಲಿ ಹಿಡಿಯಲು ಅದಕ್ಕಿಂತ ಗಟ್ಟಿಯಾದ ಕಾಗದ ಬೇರೆ ಸಿಗಲಾರದು.